ಮಡಿಸದ ಕಂಬಳಿ

ಚಿನ್ನಮನೂರು ಪಕ್ಕದ ಹಳ್ಳಿ
12 ಜೂನ್ 2024

ಜೀವಾಗೆ,

ನಿನ್ನ ಕಾಗದ ಬಂತು. ಜೊತೆಗೆ ಇಂಗ್ಲಿಷಿನ ಹಾಳೆಗಳೂ ಬಂದವು. ದೋಸೆಕಲ್ಲು ಒರೆಸಲಿಕ್ಕೆ ಆದೀತು ಅಂತ ನಿನ್ನ ಅಮ್ಮ ಪೊನ್ನಮ್ಮಾಳ್ ಅವನ್ನು ಒಲೆಯ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ಬೇಡ ಅನ್ನಲಿಲ್ಲ.

ಹೆತ್ತವರ ಮನೆಯ ಹೊಸ್ತಿಲು ತುಳಿಯದೆ ವರ್ಷಗಳನ್ನೇ ಕಳೆದವಳು ಈಗ ಬರೆಯುತ್ತೀಯ: ದಿಂಡಿಗಲ್ಲಿನ ನಿನ್ನ ಸಂಸ್ಥೆಗೆ ಎಲ್ಲಿಂದಲೋ ಹಣ ಬರುತ್ತದಂತೆ. ಹಳ್ಳಿಗಳಲ್ಲಿ ಗಂಡ ಹೆಂಡತಿಗೆ ಹೊಡೆಯುವುದನ್ನು ಹೇಗೆ ನಿಲ್ಲಿಸುವುದು ಅಂತ ಸಂಶೋಧನೆ ಮಾಡುತ್ತೀರಂತೆ. ನಮ್ಮೂರನ್ನೂ ಆರಿಸಿದ್ದೀರಂತೆ. ನಮ್ಮ ಜನಕ್ಕೆ ದೊಡ್ಡವನು ಅಂತ ನಾನು ಒಪ್ಪಿಗೆಗೆ ಸಹಿ ಹಾಕಬೇಕಂತೆ.

ಹಾಕುವುದಿಲ್ಲ.

ಬೇರೆ ಊರಿನ ಕಥೆ ನನಗೆ ಗೊತ್ತಿಲ್ಲ. ನಮ್ಮ ಜನಕ್ಕೆ ನಿನ್ನ ಸಂಶೋಧನೆ ಬೇಕಿಲ್ಲ, ಕಂಬಳಿ ಇದೆ. ಹೆಣ್ಣು ಏಟು ತಿಂದರೆ ಏನು ಮಾಡುತ್ತಾಳೆ? ತನ್ನ ಅಮ್ಮನ ಅಣ್ಣತಮ್ಮಂದಿರ ಮನೆಗೆ ಹೋಗುತ್ತಾಳೆ. ಸೋದರಮಾವ ನನಗೆ ಸುದ್ದಿ ಕೊಡುತ್ತಾನೆ. ನಾನು ಕರಿ ಕಂಬಳಿ ಹಾಸುತ್ತೇನೆ, ಚೆಂಬಿನಲ್ಲಿ ನೀರಿಟ್ಟು ಬೇವಿನ ಸೊಪ್ಪು ಹಾಕುತ್ತೇನೆ. ಅವಳು ಕಂಬಳಿಯ ಮೇಲೆ ಕೂರುತ್ತಾಳೆ, ಅವನು ಅಂಚಿನಾಚೆ ನಿಲ್ಲುತ್ತಾನೆ. ಅವಳು ಕೂತಿರುವಷ್ಟು ಹೊತ್ತು ಅವಳ ಮೈ ಮುಟ್ಟುವ ಗಂಡಸು ನಮ್ಮಲ್ಲಿ ಹುಟ್ಟಿಲ್ಲ. ಅವನು ನೀರಿಗೆ ಕೈ ಅದ್ದಿ ಆಣೆ ಇಡುತ್ತಾನೆ. ಮುಗಿಯಿತು. ನನ್ನ ತಾತನ ತಾತ ಕನ್ನಡ ನಾಡಿನಿಂದ ದನ ಹೊಡೆದುಕೊಂಡು ಈ ತಮಿಳು ಸೀಮೆಯ ಕಣಿವೆಗೆ ಇಳಿದಾಗ ಹೊತ್ತು ತಂದ ಪದ್ಧತಿ ಇದು. ಇದಕ್ಕೆ ಯಾವ ದೊರೆಯೂ ಹಣ ಕೊಡಲಿಲ್ಲ.

ಫೋನಿನಲ್ಲಿ ಮಾತಾಡೋಣ ಅಂತ ಬರೆದಿದ್ದೀಯ. ಸಿಟ್ಟು ಬಂದರೆ ನಾನು ಫೋನು ಎಸೆಯುತ್ತೇನೆ, ನಿನಗೇ ಗೊತ್ತು. ಬರೆಯುವುದಾದರೆ ಹೀಗೇ ಕನ್ನಡ ಅಕ್ಷರದಲ್ಲಿ ಬರೆ. ತಮಿಳಿನಲ್ಲಿ ಬರೆದರೆ ನಿನ್ನ ಅಮ್ಮನಿಂದ ಹಿಡಿದು ಟಪಾಲಿನವನ ತನಕ ಎಲ್ಲರೂ ಓದುತ್ತಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಳೆಕಾಯಿ ಲಾರಿ ಹತ್ತಿದವನು ನಾನು, ಮೈಸೂರಿನ ಅಂಗಡಿ ಬೋರ್ಡು ನೋಡಿ ನೋಡಿ ಈ ಅಕ್ಷರ ಕಲಿತೆ. ನಿನಗೆ ಲಾರಿಯ ಗಾಜಿನ ಮೇಲೆ ಬೆರಳಲ್ಲಿ ಬರೆದು ಕಲಿಸಿದೆ. ಅದನ್ನು ನನಗೇ ಬುದ್ಧಿ ಹೇಳಲಿಕ್ಕೆ ಬಳಸುತ್ತೀಯ ಅಂತ ಆಗ ತಿಳಿದಿದ್ದರೆ ಗಾಜು ಒರೆಸಿಬಿಡುತ್ತಿದ್ದೆ.

ಮುತ್ತಯ್ಯ


ದಿಂಡಿಗಲ್
30 ಜೂನ್ 2024

ಅಪ್ಪಾ,

ಹೊಸ್ತಿಲು ತುಳಿಯಬೇಡ ಅಂದವರು ನೀವು. ನಾನು ನಿಮ್ಮ ಮಾತು ಕೇಳಿದ್ದು ಅದೊಂದು ವಿಷಯದಲ್ಲಿ, ಅದಕ್ಕೂ ಬೈಗುಳವೇ.

ಕಂಬಳಿಯ ಬಗ್ಗೆ ನನಗೆ ಪಾಠ ಬೇಡ. ಮಾಮನ ಮಗನನ್ನು ಮದುವೆಯಾಗುವುದಿಲ್ಲ ಅಂದದ್ದಕ್ಕೆ ನನ್ನನ್ನೂ ಅದರ ಅಂಚಿನಲ್ಲಿ ನಿಲ್ಲಿಸಿದ್ದಿರಿ. ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಎಷ್ಟೋ ಸಲ ನೋಡಿದ್ದೇನೆ. ಹೆಂಗಸು ಅಳುತ್ತಾ ಬರುತ್ತಾಳೆ. ಗಂಡ ಆಣೆ ಇಡುತ್ತಾನೆ. ಅವಳು ಎದ್ದು ಅವನ ಹಿಂದೆ ಹೋಗುತ್ತಾಳೆ. ಅವಳು ಹೋದ ಮೇಲೆಯೇ ಕಂಬಳಿ ಕೊಡವಿ ಮಡಿಸಬೇಕು, ಅದು ನಿಮ್ಮ ಕಟ್ಟು. ಮಡಿಸಿದ ಮೇಲೆ ದೊಡ್ಡವರೆಲ್ಲ ಕಾಫಿ ಕುಡಿಯುತ್ತೀರಿ. ಆ ಮೇಲೆ ಅವಳ ಮನೆಗೆ ಹೋಗಿ ಹೇಗಿದ್ದೀಯಮ್ಮ ಅಂತ ಕೇಳಿದವರು ಯಾರಾದರೂ ಇದ್ದೀರಾ? ಸಂಶೋಧನೆ ಅಂದರೆ ಅಷ್ಟೇ ಅಪ್ಪಾ. ಕಂಬಳಿ ಮಡಿಸಿದ ಮೇಲೆ ಹೋಗಿ ನೋಡುವುದು. ಅದಕ್ಕೇ ಹಣ ಬೇಕು. ಹೋಗಿ ನೋಡುವವರಿಗೂ ಬಸ್ಸಿದೆ, ಹೊಟ್ಟೆಯಿದೆ.

ಇನ್ನೊಂದು. ಏಟು ತಿಂದವಳು ಸೋದರಮಾವನ ಮನೆಗೆ ಹೋಗುತ್ತಾಳೆ ಅಂತ ಎದೆಯುಬ್ಬಿಸಿ ಬರೆದಿದ್ದೀರಿ. ಮುತ್ತುಸೆಲ್ವಿ ನಿಮ್ಮ ತಂಗಿಯ ಮಗಳು. ಅವಳ ಸೋದರಮಾವ ನೀವು. ಅವಳನ್ನು ಅಣ್ಣನಿಗೇ ತಂದುಕೊಂಡಿರಿ, ನಮ್ಮ ಹಕ್ಕು ಅಂತ.

ವೇಲು ಅಣ್ಣ ಹೊಡೆದರೆ ಅವಳು ಯಾವ ಮನೆಗೆ ಹೋಗಬೇಕು?

ಜೀವಾ


18 ಆಗಸ್ಟ್ 2024

ಜೀವಾಗೆ,

ನಿನ್ನ ಕಾಗದ ಹರಿದು ಹಾಕಿದೆ. ಉತ್ತರ ಬರೆಯಬಾರದು ಅಂತಲೇ ಇದ್ದೆ. ಸುಮ್ಮನಿದ್ದರೆ ಮುದುಕನಿಗೆ ಬಾಯಿಲ್ಲ ಅಂದುಕೊಳ್ಳುತ್ತೀಯ.

ನಿನ್ನ ಅಣ್ಣ ಕುಡಿಯುವುದಿಲ್ಲ. ಬೀಡಿ ಮುಟ್ಟುವುದಿಲ್ಲ. ಬೆಳಕು ಹರಿಯುವ ಮೊದಲು ಬಾಳೆ ಮಂಡಿಗೆ ಹೋಗಿ ಸಂಜೆಗೆ ಮನೆ ಸೇರುತ್ತಾನೆ. ಚಿನ್ನಮನೂರಿನಲ್ಲಿ ಯಾರನ್ನಾದರೂ ಕೇಳು, ವೇಲು ಅಂದರೆ ಬೆಣ್ಣೆ ಅನ್ನುತ್ತಾರೆ. ಗಂಡಹೆಂಡತಿ ಅಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಗೋಡೆಯಾಚೆಯ ಸದ್ದನ್ನೆಲ್ಲ ಲೆಕ್ಕ ಹಿಡಿಯುವುದು ಹಿರಿಯರ ಕೆಲಸ ಅಲ್ಲ.

ಹೇಳುವುದಾದರೆ ಕೊಬ್ಬಿರುವುದು ಅವಳಿಗೇ. ಆಂಡಿಪಟ್ಟಿಯ ಒಣಭೂಮಿಯಲ್ಲಿ ನೀರಿಗೆ ಪರದಾಡುತ್ತಿದ್ದ ಹುಡುಗಿ, ಇಲ್ಲಿ ಕಾಲುವೆ ನೀರು ಕಂಡು ತಲೆ ತಿರುಗಿದೆ. ಮದುವೆಯಾಗಿ ಬಂದಾಗ ಮಾಮ ಮಾಮ ಅಂತ ಹಿಂದೆ ಮುಂದೆ ಸುತ್ತುತ್ತಿದ್ದಳು. ಈಗ ನಾನು ಬೀದಿಬಾಗಿಲ ತಿಣ್ಣೆಯ ಮೇಲಿಂದ ಕಾಫಿ ತಾ ಅಂದರೆ ಓ ಅನ್ನುವುದಿಲ್ಲ. ಒಲೆ ಮುಂದೆ ಕಲ್ಲಿನ ಹಾಗೆ ಕೂತಿರುತ್ತಾಳೆ. ಎರಡು ಸಲ ಕೂಗಬೇಕು. ದೊಡ್ಡವರು ಕರೆದರೆ ತಿರುಗದ ಹೆಣ್ಣನ್ನು ನಮ್ಮ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ನೀನೇ ಅವಳ ಕಿವಿ ಊದಿದ್ದೀಯೋ ಏನೋ.

ಸಹಿ ಹಾಕುವುದಿಲ್ಲ ಅಂದರೆ ನನ್ನನ್ನು ದಾಟಿ ಪಂಚಾಯತ್ ಅಧ್ಯಕ್ಷೆ ಸುಬ್ಬುಲಕ್ಷ್ಮಿಯ ಹತ್ತಿರ ಒಪ್ಪಿಗೆ ತೆಗೆದುಕೊಂಡಿರಂತೆ. ಬರಲಿ ನಿನ್ನ ಜನ. ತಿಣ್ಣೆ ನನ್ನದು, ನಾನು ಅಲ್ಲೇ ಕೂತಿರುತ್ತೇನೆ.

ಮುತ್ತಯ್ಯ


9 ನವೆಂಬರ್ 2024

ಜೀವಾಗೆ,

ನಿನ್ನ ಜನ ಬಂದು ಹೋದರು. ಜೆಯಂತಿ ಅಂತ ಒಂದು ಹುಡುಗಿ ನಮ್ಮ ಬೀದಿಗೆ ಬಂದಿತ್ತು. ಸೆಲ್ವಿಯ ಹತ್ತಿರ ಒಬ್ಬಳೇ ಇರುವಾಗ ಮಾತಾಡಬೇಕು, ನೀವು ಸ್ವಲ್ಪ ಆಚೆ ಹೋಗಿ ತಾತಾ ಅಂದಿತು. ನನ್ನ ಮನೆಯ ತಿಣ್ಣೆಯಿಂದ ನನ್ನನ್ನು ಏಳಿಸಲಿಕ್ಕೆ ಯಾವ ಸರಕಾರಕ್ಕೂ ಆಗಿಲ್ಲ. ಕಿಟಕಿ ತೆರೆದೇ ಇತ್ತು. ನಾನು ಕೂತೇ ಇದ್ದೆ. ಸೆಲ್ವಿ ಒಳಗೆ ಎಲ್ಲದಕ್ಕೂ "ಇಲ್ಲ, ಇಲ್ಲ" ಅಂದಳು. ಕೇಳಿಸಿಕೊಂಡೆಯಾ? ಇಲ್ಲ ಅಂದಳು.

ಆಮೇಲೆ ಆ ಹುಡುಗಿಗೆ ನಿನ್ನಮ್ಮ ಮಜ್ಜಿಗೆ ಕೊಟ್ಟಳು. ಇಷ್ಟೆಲ್ಲ ಕೇಳಿದಿರಲ್ಲ, ಇನ್ನು ಏನು ಮಾಡುತ್ತೀರಿ ಅಂದೆ. ಅದು ಸತ್ಯ ಹೇಳಿಬಿಟ್ಟಿತು, ಇನ್ನೂ ಚಿಕ್ಕದು, ನಿನ್ನಷ್ಟು ಪಳಗಿಲ್ಲ. ಆಂಡಿಪಟ್ಟಿ ಕಡೆಯ ಒಂದು ಊರಿನಲ್ಲಿ ಗಂಡಸರನ್ನು ಕೂರಿಸಿ ಮಾತಾಡಿಸುತ್ತೀರಂತೆ, ಹೆಂಗಸರಿಗೆ ಸಂಘ, ವಕೀಲಮ್ಮ, ಓಡಿ ಬಂದವರಿಗೆ ತಂಗಲು ಒಂದು ಮನೆ. ನಮ್ಮೂರಿಗೆ? ಏನೂ ಇಲ್ಲವಂತೆ. ಎರಡು ವರ್ಷ ಬಂದು ಬಂದು ಕೇಳಿಕೊಂಡು ಹೋಗುವುದಷ್ಟೇ. ನಮ್ಮದು ಹೋಲಿಕೆಯ ಊರಂತೆ. ಅಲ್ಲಿ ಏಟು ಕಡಿಮೆಯಾಯಿತಾ ಅಂತ ತಿಳಿಯಬೇಕಾದರೆ ಏನೂ ಮಾಡದ ಊರೊಂದು ಪಕ್ಕದಲ್ಲಿ ಬೇಕಂತೆ.

ಥೂ ನಿಮ್ಮ.

ಹೋಗುವಾಗ ಉತ್ತರ ಹೇಳಿದ ಪ್ರತಿ ಹೆಂಗಸಿಗೂ ಒಂದು ಸ್ಟೀಲ್ ಡಬ್ಬ ಕೊಟ್ಟು ಹೋದಿರಿ. ಆ ಊರಿಗೆ ಮದ್ದು, ನಮ್ಮೂರಿಗೆ ಡಬ್ಬ. ನನ್ನನ್ನು ಕಂಬಳಿ ಮಡಿಸಿ ಕಾಫಿ ಕುಡಿಯುವವನು ಅಂದೆಯಲ್ಲ, ನೀನು ಯಾರು? ಬಾಳೆಗೆ ರೋಗ ಬಂದರೆ ಆಫೀಸಿನವರು ಒಂದು ಸಾಲಿಗೆ ಔಷಧ ಹೊಡೆದು ಪಕ್ಕದ ಸಾಲನ್ನು ಹಾಗೇ ಬಿಡುತ್ತಾರೆ. ಅದು ಗಿಡ. ಇಲ್ಲಿ ಇರುವುದು ನಿನ್ನ ಅತ್ತೆಯ ಮಗಳು.

ಡಬ್ಬ ವಾಪಸು ಕಳಿಸುತ್ತಿದ್ದೆ. ನಿನ್ನಮ್ಮ ಅದಕ್ಕೆ ಹುಣಸೆಹಣ್ಣು ತುಂಬಿಬಿಟ್ಟಿದ್ದಾಳೆ.

ಮುತ್ತಯ್ಯ


ದಿಂಡಿಗಲ್
20 ನವೆಂಬರ್ 2024

ಅಪ್ಪಾ,

ನೀವು ಬೈದದ್ದು ನನಗೆ ಹೊಸದಲ್ಲ. ಹಣ ಕೊಡುವವರು ಬಂದಾಗ ಈ ಮಾತನ್ನೇ ನಾನು ಎತ್ತಿದ್ದೆ. ಅವರು ಹೇಳಿದರು: ಯಾವುದು ನಿಜವಾಗಿ ಏಟು ನಿಲ್ಲಿಸುತ್ತದೆ ಅಂತ ಗೊತ್ತಿಲ್ಲದೆ ಎಲ್ಲ ಊರಿಗೂ ಹಂಚುವುದು ಕುರುಡು ಚಿಕಿತ್ಸೆ. ಅದೂ ಸುಳ್ಳಲ್ಲ. ಹೋಲಿಕೆಯ ಊರಾದರೂ ಯಾವ ಹೆಂಗಸು ಬಾಯಿ ಬಿಟ್ಟು ಸಹಾಯ ಕೇಳಿದರೂ ನಾವು ಕೊಡಲೇಬೇಕು, ಅದು ನಮ್ಮ ಕಟ್ಟು. ಡಬ್ಬದ ಒಳಗೆ ಸಹಾಯದ ನಂಬರು ಅಂಟಿಸಿದೆ. ಅಮ್ಮ ಅದರ ಮೇಲೆ ಹುಣಸೆಹಣ್ಣು ತುಂಬಿದರೆ ನಾನೇನು ಮಾಡಲಿ?

ಕೇಳಿದರೆ ಕೊಡುತ್ತೇವೆ. ಆದರೆ ಕೇಳುವುದು ಹೇಗೆ? ಕಿಟಕಿ ತೆರೆದಿದೆ, ತಿಣ್ಣೆಯ ಮೇಲೆ ನೀವು ಕೂತಿದ್ದೀರಿ.

ಸೆಲ್ವಿ ಜೆಯಂತಿಗೆ ಏನು ಹೇಳಿದಳೋ ನಾನು ಕೇಳುವ ಹಾಗಿಲ್ಲ, ಕೇಳಲೂ ಇಲ್ಲ. ನೀವು ಆಗಸ್ಟಿನಲ್ಲಿ ಬರೆದದ್ದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಕರೆದರೆ ತಿರುಗುವುದಿಲ್ಲ ಅಂತ ಬರೆದಿದ್ದೀರಿ. ಒಲೆ ಮುಂದೆ ಕೂತವಳಿಗೆ ತಿಣ್ಣೆ ಎಡಕ್ಕೆ ಬರುತ್ತದೆ. ಆ ಮನೆಯಲ್ಲಿ ಬೆಳೆದವಳು ನಾನು, ನನಗೆ ಗೊತ್ತು. ಅಣ್ಣ ಬಲಗೈಯವನು.

ಒಂದು ಸಲ ಅವಳ ಎಡಕ್ಕೆ ನಿಂತು ಮೆಲ್ಲಗೆ ಕರೆಯಿರಿ. ಆಮೇಲೆ ಬಲಕ್ಕೆ ಬಂದು ಕರೆಯಿರಿ. ಅವಳದು ಕೊಬ್ಬೋ ಏನೋ ಆಗ ಬರೆಯಿರಿ.

ಜೀವಾ


2 ಡಿಸೆಂಬರ್ 2024

ಜೀವಾಗೆ,

ಸೆಲ್ವಿ ಹಿತ್ತಲಲ್ಲಿ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಎಡಕ್ಕೆ ನಿಂತು ಕರೆದೆ. ಸುಲಿಯುತ್ತಲೇ ಇದ್ದಳು. ನಿನ್ನ ಮಾತನ್ನು ನಂಬುವವನಲ್ಲ ನಾನು, ಆ ಡಬ್ಬವನ್ನೇ ತಂದು ಅವಳ ಎಡಗಡೆಯ ಕಲ್ಲಿನ ಮೇಲೆ ಬೀಳಿಸಿದೆ. ಕಾಗೆಗಳೆಲ್ಲ ಎದ್ದವು. ಅವಳೂ ಬೆಚ್ಚಿದಳು.

ಡಬ್ಬ ಬಿದ್ದದ್ದು ಎಡಕ್ಕೆ. ಅವಳು ತಿರುಗಿ ಹುಡುಕಿದ್ದು ಬಲಕ್ಕೆ.

ಮುತ್ತಯ್ಯ


ದಿಂಡಿಗಲ್
20 ಜನವರಿ 2025

ಅಪ್ಪಾ,

ನಿಮ್ಮ ಕಾಗದಕ್ಕೆ ಎರಡು ಸಲ ಬರೆದೆ. ಉತ್ತರವಿಲ್ಲ. ಫೋನು ಎತ್ತುವುದಿಲ್ಲ. ಪೊಂಗಲ್ ಕಳೆದ ಮೇಲೆ ಅಮ್ಮನೇ ಫೋನು ಮಾಡಿ ಅತ್ತಳು. "ನಿನ್ನಪ್ಪನಿಗೆ ಹುಚ್ಚು ಹಿಡಿದಿದೆ, ಕಂಬಳಿ ಹಾಸಿ ಮಡಿಸುತ್ತಿಲ್ಲ, ಎಲ್ಲ ನಿನ್ನಿಂದ" ಅಂದು ಇಟ್ಟುಬಿಟ್ಟಳು. ಅಣ್ಣ ಫೋನು ಮಾಡಿ ಬೈದ ಬೈಗುಳವನ್ನು ಕನ್ನಡ ಅಕ್ಷರದಲ್ಲಿ ಬರೆಯಲಾರೆ, ನೀವು ಅದನ್ನು ಇದಕ್ಕಾಗಿ ಕಲಿಸಲಿಲ್ಲ.

ನಮ್ಮ ಮೇಲಿನವರು ಕೇಳುತ್ತಿದ್ದಾರೆ. ಹೋಲಿಕೆಯ ಊರಲ್ಲಿ ಏನೋ ನಡೆದಿದೆ ಅಂತ ಜೆಯಂತಿ ಬರೆದು ಕೊಟ್ಟಿದ್ದಾಳೆ. ಹೌದಾದರೆ ನಿಮ್ಮೂರನ್ನು ಸಂಶೋಧನೆಯಿಂದ ಕೈಬಿಡಬೇಕು, ನಾನು ಉತ್ತರ ಹೇಳಬೇಕು. ಅದು ಇರಲಿ. ಸೆಲ್ವಿ ಎಲ್ಲಿದ್ದಾಳೆ? ಅಷ್ಟು ಹೇಳಿ. ಅಣ್ಣನಿಂದ ಆಣೆ ಇಡಿಸಿ ಅವಳನ್ನೂ ಅವನ ಹಿಂದೆ ಕಳಿಸಿದಿರಾ?

ಜೀವಾ


3 ಫೆಬ್ರವರಿ 2025

ಜೀವಾಗೆ,

ಅವಸರದವಳು ನೀನು. ನಿನ್ನ ಮೇಲಿನವರಿಗೆ ಏನು ಬೇಕಾದರೂ ಹೇಳು. ನಡೆದದ್ದು ಇದು.

ಪೊಂಗಲ್ ಮುಗಿದು ದನಗಳಿಗೆ ಪೂಜೆಯಾದ ಮಾರನೆ ಬೆಳಿಗ್ಗೆ ಕಂಬಳಿ ಬಿಚ್ಚಿ ಹಜಾರದಲ್ಲಿ ಹಾಸಿದೆ. ಯಾರ ಮನೆಯ ವಿಷಯ ಅಂತ ಕರೆಸಿದ ಹಿರಿಯರೆಲ್ಲ ಮುಖ ಮುಖ ನೋಡಿಕೊಂಡರು. ನನ್ನ ಮನೆಯದು ಅಂದೆ. ಅವರ ಪೈಕಿ ಕಾರ್ತಿಕೇಯನ್ ಬಂದಿದ್ದ, ಬಸ್ ಕಂಡಕ್ಟರ್ ಆಗಿದ್ದವನು, ಈಗಲೂ ಜನರನ್ನು ಒಳಕ್ಕೆ ಒಳಕ್ಕೆ ಅಂತ ತಳ್ಳುತ್ತಾನೆ. ನನ್ನ ತಂಗಿ ಕರುಪ್ಪಾಯಿಗೆ ಹೇಳಿ ಕಳಿಸಿದ್ದೆ, ಆಂಡಿಪಟ್ಟಿಯಿಂದ ಮೊದಲ ಬಸ್ಸಿಗೇ ಬಂದಳು. ಮಗಳ ಪರ ನಿಲ್ಲುತ್ತಾಳೆ ಅಂದುಕೊಂಡೆ. ಬಂದವಳೇ ನನ್ನ ಕಾಲು ಹಿಡಿದಳು. "ಬೇಡ ಅಣ್ಣಾ, ಮಡಿಸಿಬಿಡು. ಜನ ನಗುತ್ತಾರೆ. ಒಂದು ಕಿವಿ ಹೋದರೆ ಇನ್ನೊಂದಿದೆ."

ಹೆತ್ತವಳು ಆಡುವ ಮಾತಾ ಇದು? ಎದ್ದೇಳು ಅಂತ ಗದರಿದೆ.

ಸೆಲ್ವಿಯನ್ನು ಕಂಬಳಿಯ ಮೇಲೆ ಕೂರಿಸಿದೆ. ವೇಲು ಅಂಚಿನಾಚೆ ನಿಂತ. ಬಿಳಿ ಪಂಚೆ, ಕೈ ಕಟ್ಟಿಕೊಂಡು, ಬೆಣ್ಣೆ. "ಅಪ್ಪಾ, ಇದು ನಮ್ಮ ಒಳಮನೆಯ ವಿಷಯ. ಕಂಬಳಿ ಯಾಕೆ?" ಅಂದ.

"ಏಟು ತಿಂದವಳು ಸೋದರಮಾವನ ಮನೆಗೆ ಬಂದರೆ ಕಂಬಳಿ ಹಾಸಬೇಕು. ಬಂದಿದ್ದಾಳೆ, ಹಾಸಿದೆ."

"ಎಲ್ಲಿಂದ ಬಂದಳು? ಅಡಿಗೆಮನೆಯಿಂದ ಬಂದಳು!" ಅಂದ. ಒಂದಿಬ್ಬರು ನಕ್ಕರು.

ಹೊಡೆದೆಯಾ ಅಂತ ಕೇಳಿದೆ. ಪಂಚೆ ಸರಿಮಾಡಿಕೊಂಡ. ಇನ್ನೊಂದು ಸಲ ಕೇಳಿದೆ. ಮಂಡಿಯಲ್ಲಿ ಎಲ್ಲರ ಹತ್ತಿರ ತಗ್ಗಿ ತಗ್ಗಿ ಮಾತಾಡಿ ಬಂದರೆ ಮನೆಯಲ್ಲೂ ತಗ್ಗಬೇಕಾ ಅಂದ. ಅಷ್ಟು ಸಾಕಾಯಿತು ಎಲ್ಲರಿಗೂ.

ಕಾರ್ತಿಕೇಯನ್ ಗಡಿಯಾರ ನೋಡಿದ. "ಹುಡುಗ ಒಪ್ಪಿದ ಹಾಗೇ ಆಯಿತಲ್ಲ. ಕೈ ಅದ್ದಿಸು ಮುತ್ತಯ್ಯ. ನನ್ನ ತೋಟಕ್ಕೆ ಇವತ್ತು ನೀರಿನ ಸರದಿ."

ವೇಲು ಬಗ್ಗಿ ಚೆಂಬಿಗೆ ಕೈ ಅದ್ದಿದ. ಇನ್ನು ಮುಟ್ಟುವುದಿಲ್ಲ ಅಂತ ಆಣೆ ಇಟ್ಟ. ಚೆನ್ನಾಗಿಯೇ ಇಟ್ಟ, ಅವನ ಧ್ವನಿ ಒಳ್ಳೆಯದು. ಎಲ್ಲರೂ ಪಂಚೆ ಕೊಡವಿಕೊಂಡು ಏಳಲು ಹೊರಟರು. ನಿನ್ನಮ್ಮ ಕಾಫಿಗೆ ಹಾಲು ಇಟ್ಟೇ ಬಿಟ್ಟಿದ್ದಳು, ಉಕ್ಕುವ ವಾಸನೆ ಬಂತು.

ಕೂರಿ ಅಂದೆ. ಇವಳನ್ನು ಇನ್ನೂ ಕೇಳಿಲ್ಲ.

"ಹೆಣ್ಣನ್ನು ಕೇಳುವ ಪದ್ಧತಿ ಎಲ್ಲಿದೆ?" ಕಾರ್ತಿಕೇಯನ್ ಅಂದ.

"ಕೇಳಬಾರದು ಅಂತ ಎಲ್ಲಿದೆ?"

ಸೆಲ್ವಿಯ ಬಲಕ್ಕೆ ಹೋಗಿ ಕೂತೆ. ಅವನ ಹಿಂದೆ ಹೋಗುತ್ತೀಯೇನಮ್ಮ ಅಂದೆ. ಅವಳು ಮೆಲ್ಲಗೆ ಹೇಳಬೇಕು ಅಂತಲೇ ಇದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಕಿವಿ ಮಂದವಾದವರಿಗೆ ತಮ್ಮ ಧ್ವನಿಯ ಅಳತೆ ತಿಳಿಯುವುದಿಲ್ಲ.

"ಹೋಗಲ್ಲ ಮಾಮಾ!"

ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ಅಷ್ಟು ಜೋರು. ಅವಳೇ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಗಲಾಟೆ. ಆಣೆ ಆದ ಮೇಲೆ ಹೆಣ್ಣು ಗಂಡನ ಮನೆಗೆ ಹೋಗಲೇಬೇಕು, ಹಿರಿಯರ ಕಟ್ಟು ಅಂತ ಕಾರ್ತಿಕೇಯನ್ ಕೂಗಿದ. ಸರಿ ಅಂದೆ. ಕಟ್ಟು ಮುರಿಯುವವನಲ್ಲ ನಾನು. ವೇಲು, ನಿನ್ನ ಮನೆ ಎಲ್ಲಿದೆ, ತೋರಿಸು. ಇದು ನನ್ನ ಮನೆ. ನಾನು ಅವಳ ಅಮ್ಮನ ಅಣ್ಣ. ಅವಳು ಬಂದು ಸೇರಬೇಕಾದ ಮನೆಗೆ ಬಂದು ಸೇರಿದ್ದಾಳೆ. ಇಲ್ಲಿ ಇರಬಾರದವನು ನೀನು. ಹೋಗು, ಒಂದು ಮನೆ ಮಾಡಿಕೊಂಡು ಬಂದು ಕರೆ. ಆಗ ಅವಳು ಹೂಂ ಅಂದರೆ ಕಂಬಳಿ ಮಡಿಸುತ್ತೇನೆ. ಅಲ್ಲಿಯ ತನಕ ಇದು ಹೀಗೇ ಇರುತ್ತದೆ, ಇದರ ಮೇಲೆ ಕೂತವಳನ್ನು ಮುಟ್ಟಿದರೆ ಏನು ಅಂತ ನಿಮಗೆಲ್ಲ ಗೊತ್ತು.

ನನ್ನ ಮಗ ನನ್ನನ್ನು ಬೀದಿಯ ನಾಯಿಯನ್ನು ನೋಡುವ ಹಾಗೆ ನೋಡಿದ. ಚೆಂಬನ್ನು ಒದ್ದು ಹೋದ. ನೀರೆಲ್ಲ ಕಂಬಳಿಗೆ ಚೆಲ್ಲಿತು. ಈಗ ಮಂಡಿಯ ಮೇಲಿನ ಕೋಣೆಯಲ್ಲಿ ಮಲಗುತ್ತಾನೆ. ನಿನ್ನಮ್ಮ ದಿನಾ ಅವನಿಗೆ ಸಾಂಬಾರು ಕಳಿಸುತ್ತಾಳೆ, ನಿಮ್ಮ ಸಂಸ್ಥೆಯ ಡಬ್ಬದಲ್ಲಿ. ನನ್ನ ಮುಂದೆ ಲೋಟ ಕುಕ್ಕಿ ಹೋಗುತ್ತಾಳೆ. ಕರುಪ್ಪಾಯಿ ಶಾಪ ಹಾಕಿ ಬಸ್ ಹತ್ತಿದಳು. ಕಾರ್ತಿಕೇಯನ್ ನನ್ನನ್ನು ದೊಡ್ಡಸ್ತಿಕೆಯಿಂದ ಇಳಿಸಬೇಕು ಅಂತ ಮನೆ ಮನೆ ತಿರುಗುತ್ತಿದ್ದಾನೆ. ಇಳಿಸಲಿ. ಇಳಿಸಬೇಕಾದರೆ ಹಿರಿಯರ ಪಂಚಾಯತಿ ಕೂರಬೇಕು, ಕೂರಬೇಕಾದರೆ ಕಂಬಳಿ ಬೇಕು, ಕಂಬಳಿಯ ಮೇಲೆ ಸೆಲ್ವಿ ಇದ್ದಾಳೆ.

ಕಿವಿಯನ್ನು ತೇನಿಯ ಆಸ್ಪತ್ರೆಯಲ್ಲಿ ತೋರಿಸಿದೆ. ತಮಟೆ ಹರಿದಿದೆಯಂತೆ, ಹೊಲಿಯಬಹುದು, ಕೇಳಿಸುವುದು ಎಷ್ಟು ಅಂತ ಈಗಲೇ ಹೇಳಲಾರೆ ಅಂದರು. ಬಿದ್ದು ಆದದ್ದಾ ಅಂತ ಡಾಕ್ಟರು ಕೇಳಿದರು. ನನ್ನ ಮುಖ ನೋಡದೆ ಸೆಲ್ವಿಯೇ ಉತ್ತರ ಕೊಟ್ಟಳು. ಜೋರಾಗಿಯೇ ಕೊಟ್ಟಳು.

ಊರನ್ನು ಕೈಬಿಡುತ್ತೀರಾ? ಬಿಡಿ. ಏನೂ ಮಾಡದ ಊರು ಬೇಕಾದರೆ ಎಷ್ಟು ಬೇಕಾದರೂ ಸಿಗುತ್ತವೆ, ಹುಡುಕಲಿಕ್ಕೆ ಹಣವೇ ಬೇಡ. ಆದರೆ ಮಡಿಸಿದ ಮೇಲೆ ಹೋಗಿ ನೋಡುವುದು ಅಂತ ಬರೆದಿದ್ದೆಯಲ್ಲ, ಆ ಕೆಲಸಕ್ಕೆ ಜೆಯಂತಿಯನ್ನು ಕಳಿಸುವುದಾದರೆ ಕಳಿಸು. ತಿಣ್ಣೆ ಖಾಲಿ ಇರುತ್ತದೆ. ಆ ಹೊತ್ತಿಗೆ ನಾನು ತೋಟದಲ್ಲಿರುತ್ತೇನೆ.

ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಕಡಿಮೆಯಾಯಿತು ಅಂದುಕೊಳ್ಳಬೇಡ. ಮನೆಯೊಳಗಿನ ಕಿವಿಯನ್ನು ದಿಂಡಿಗಲ್ಲಿನಲ್ಲಿ ಕೂತವಳು ಕಂಡಳು ಅಂತ ಇನ್ನೂ ಉರಿಯುತ್ತದೆ. ಬರುವುದಾದರೆ ಬಾ. ಬೇಡ ಅಂದರೂ ಬರುವವಳು ನೀನು. ಇಂಗ್ಲಿಷ್ ಹಾಳೆ ತರಬೇಡ, ಡಬ್ಬ ತರಬೇಡ. ಒಂದು ಕಂಬಳಿ ತಾ. ಕರಿ ಉಣ್ಣೆಯದು. ಅಂಗಡಿಯ ಹೂವಿನ ರಗ್ಗು ತಂದರೆ ಹೊಸ್ತಿಲಿಂದಲೇ ಓಡಿಸುತ್ತೇನೆ.

ನಿನ್ನೆ ಮೇಲಿನ ಬೀದಿಯಿಂದ ಒಬ್ಬಳು ಬಂದಳು. ನಮ್ಮ ಜನವೂ ಅಲ್ಲ, ನನಗೆ ಯಾವ ನಂಟೂ ಅಲ್ಲ. ನಿನಗೆ ಸೋದರಮಾವ ಇಲ್ಲವೇನಮ್ಮ ಅಂದೆ. ಸತ್ತುಹೋದ ಅಂದಳು. ಸೆಲ್ವಿ ಕಂಬಳಿಯ ಮೇಲೆ ಪಕ್ಕಕ್ಕೆ ಸರಿದಳು.

ಇದರಲ್ಲಿ ಜಾಗ ಸಾಲುತ್ತಿಲ್ಲ.

ಮುತ್ತಯ್ಯ